ಹತ್ತು ಸಾವಿರ ರೂಪಾಯಿಯ ಕಥೆ ಮತ್ತು ಹನೂರಿನ ಮಹಡಿ ಕೋಣೆ

ಹೋದ ವರ್ಷ ಹನೂರಿನ ಆಸುಪಾಸಿನ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯಶಿಕ್ಷಕರು ಫೋನ್ ಮಾಡಿ, "ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದರ್ಧ ಗಂಟೆ ಮಾತಾಡಿ ಸಾರ್, ಉದ್ಯಮಿ ಆಗೋದು ಹೇಗೆ ಅಂತ" ಎಂದರು. ನನ್ನನ್ನು ಉದ್ಯಮಿ ಎಂದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಸೆಂಟರ್ ನಡೆಸಿ, ಈಗ ಅದನ್ನು ಶಿಷ್ಯನೊಬ್ಬನ ಕೈಗೆ ಒಪ್ಪಿಸಿ, ಹಿಪ್ಪುನೇರಳೆ ತೋಟ ನೋಡಿಕೊಂಡಿರುವವನು ನಾನು. ಆದರೂ ಹೋದೆ. ವೇದಿಕೆಯ ಹಿಂದೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಎಡಗಡೆ ಎನ್.ಆರ್. ನಾರಾಯಣಮೂರ್ತಿಯವರ ದೊಡ್ಡ ಚಿತ್ರ, ಬಲಗಡೆ ಕೆಳಗಿನ ಮೂಲೆಯಲ್ಲಿ ನನ್ನ ಹೆಸರು.

ಏನೋ ಮಾತಾಡಿ ಮುಗಿಸಿದೆ. ಪ್ರಶ್ನೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು. "ಸಾ, ಅವ್ರತ್ರ ಹತ್ ಸಾವ್ರ ಇತ್ತಂತ. ನಿಮ್ಮತ್ರ ಎಷ್ಟಿತ್ತು?"

ಇನ್‌ಫೋಸಿಸ್ ಶುರುವಾದದ್ದು ನಾರಾಯಣಮೂರ್ತಿಯವರ ಪತ್ನಿ ಸುಧಾಮೂರ್ತಿಯವರು ತಮ್ಮ ಸಂಬಳದಲ್ಲಿ ಉಳಿಸಿದ್ದ ಹತ್ತು ಸಾವಿರ ರೂಪಾಯಿಯಿಂದ ಎಂಬುದು ಈಗ ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಅಪ್ಪ ರೇಷ್ಮೆಗೂಡು ಮಾರಿ ಕೊಟ್ಟದ್ದು, ನಾನು ಕೂಡಿಟ್ಟದ್ದು ಎಲ್ಲ ಸೇರಿಸಿ ಒಂದು ಮೊತ್ತ ಹೇಳಿದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅನ್ನಿಸಿದ್ದು ಒಂದೇ: ಕೇಳಿದ ಪ್ರಶ್ನೆಗೆ ಅದು ಉತ್ತರವೇ ಆಗಿರಲಿಲ್ಲ. ಎಷ್ಟಿತ್ತು ಎಂಬುದಕ್ಕಿಂತ ಯಾರ್ಯಾರಿದ್ದರು ಎಂದು ಹೇಳಬೇಕಿತ್ತು. ಅಂದಿನಿಂದ ಹಳೆಯ ಮುಖಗಳು ಒಂದೊಂದಾಗಿ ಎದುರು ಬಂದು ಕೂರತೊಡಗಿವೆ.

ನಾನು ಹುಡುಗನಾಗಿದ್ದಾಗ ಹನೂರು ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ ಊರು. ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳು ಟೀ ಕುಡಿಯಲು ನಿಲ್ಲುವ ಜಾಗ. ಅಮಾವಾಸ್ಯೆ ಬಂತೆಂದರೆ ಉಘೇ ಉಘೇ ಎನ್ನುತ್ತ ಜನ ಬಸ್ಸಿನ ಮೇಲೆ ಕೂತು ಹೋಗುವರು. ಮಾರನೆಯ ದಿನಕ್ಕೆ ಊರು ಮತ್ತೆ ತಣ್ಣಗೆ. ಜಿಲ್ಲೆ ಮೈಸೂರು, ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ, 1956ಕ್ಕೆ ಮೊದಲು ಕೊಳ್ಳೇಗಾಲವೆಲ್ಲ ಮದರಾಸಿನವರ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ತಾತನಿಗೆ ದೊಡ್ಡ ಕಚೇರಿ ಎಂದರೆ ಕೊನೆಯವರೆಗೂ ಕೊಯಮತ್ತೂರೇ. ಯಾವ ನಕ್ಷೆ ತೆಗೆದರೂ ನಾವು ಅದರ ಅಂಚಿನಲ್ಲೇ ಇರುತ್ತಿದ್ದೆವು.

ಕೊಳ್ಳೇಗಾಲದ ಗಡಿಯಲ್ಲೇ ಶಿವನಸಮುದ್ರ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ನೂರು ಮೈಲಿಯ ಹತ್ತಿರ ಹತ್ತಿರ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು; 1905ರಲ್ಲಿ ಬೆಂಗಳೂರಿನ ಬೀದಿ ದೀಪ ಬೆಳಗಿತು. ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ. ಅದಕ್ಕೂ ಮೊದಲು ನಮಗೆಲ್ಲ ಲೆಕ್ಕ ಹೇಳಿಕೊಟ್ಟವರು ಒಬ್ಬ ಮೇಷ್ಟ್ರು. ಹೊರಗಿನಿಂದ ವರ್ಗವಾಗಿ ಬಂದವರು. ಹನೂರಿಗೆ ವರ್ಗ ಎಂದರೆ ಶಿಕ್ಷೆ ಎಂದು ನೌಕರರು ತಿಳಿದಿದ್ದ ಕಾಲ. ಬಂದವರು ಬಂದ ದಿನದಿಂದಲೇ ವಾಪಸು ಹೋಗಲು ಅರ್ಜಿ ಹಾಕುತ್ತಿದ್ದರು. ಈ ಮೇಷ್ಟ್ರು ಅರ್ಜಿ ಹಾಕಲಿಲ್ಲ. ರಾತ್ರಿ ಊಟವಾದ ಮೇಲೆ ತಮ್ಮ ಬಾಡಿಗೆ ಮನೆಯ ಜಗುಲಿಯಲ್ಲಿ ಲಾಟೀನು ಹಚ್ಚಿ ಕೂರುತ್ತಿದ್ದರು. ಫೀಸಿಲ್ಲ, ಹಾಜರಿ ಇಲ್ಲ. ಬಂದವರಿಗೆ ಪಾಠ. ಸೀಮೆಎಣ್ಣೆ ಮುಗಿದರೆ ಮಾತ್ರ, "ನಾಳೆ ಯಾರಾದ್ರೂ ಒಂದ್ ಚಟಾಕು ತನ್ರಪ್ಪಾ" ಎನ್ನುವರು.

ಮನೆಯಲ್ಲಿ ರೇಷ್ಮೆ ಹುಳು ಸಾಕಣೆ. ನಾಲ್ಕನೇ ಜ್ವರದಿಂದ, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳುವಿಗೆ ಹೊತ್ತು ಗೊತ್ತಿಲ್ಲ; ಸೊಪ್ಪು ಹಾಕುತ್ತಲೇ ಇರಬೇಕು. ಆ ವಾರ ಅವ್ವ ಮಲಗಿದ್ದನ್ನು ನಾನು ನೋಡಿಲ್ಲ. ಹುಳ ಹಣ್ಣಾದ ಮೇಲೆ ಚಂದ್ರಂಕಿಗೆ ಬಿಟ್ಟು, ಗೂಡು ಕಟ್ಟಿದ ಮೇಲೆ ಬಿಡಿಸಿ, ಮೂಟೆ ಕಟ್ಟಿ ಅಪ್ಪ ಕೊಳ್ಳೇಗಾಲದ ಮಾರ್ಕೆಟ್ಟಿಗೆ ಹೋಗುವರು. ಅಲ್ಲಿ ಕೂಗಿದ ರೇಟೇ ನಮ್ಮ ಮುಂದಿನ ಎರಡು ತಿಂಗಳ ಹಣೆಬರಹ. ವ್ಯಾಪಾರ ಎಂದರೆ ಇನ್ನೊಬ್ಬರು ರೇಟು ಕೂಗುವುದು, ನಾವು ತಲೆ ಆಡಿಸುವುದು ಎಂದೇ ನಾನು ತಿಳಿದಿದ್ದೆ.

ಕೊಳ್ಳೇಗಾಲದಲ್ಲಿ ಪಿಯುಸಿ ಮುಗಿಸಿ ಮೈಸೂರಿನ ಎನ್.ಐ.ಇ. ಎಂಜಿನಿಯರಿಂಗ್ ಕಾಲೇಜಿಗೆ ಸೇರಿದೆ. ಮಾನಂದವಾಡಿ ರಸ್ತೆಯ ಆ ಕಾಲೇಜು ಶುರುವಾದದ್ದು 1946ರಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಶಿಡ್ಲಘಟ್ಟದಲ್ಲಿ ನಾರಾಯಣಮೂರ್ತಿ ಹುಟ್ಟಿದರು ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ. ಅವರ ತಂದೆ ಶಾಲಾ ಮೇಷ್ಟ್ರು. ಮನೆ ತುಂಬ ಮಕ್ಕಳು. ಐ.ಐ.ಟಿ.ಗೆ ಸೀಟು ಸಿಗುವಂತಿದ್ದರೂ ಕಳಿಸುವ ಶಕ್ತಿ ತಂದೆಗೆ ಇರಲಿಲ್ಲ. ಮೈಸೂರಲ್ಲೇ ಇದ್ದ ಈ ಕಾಲೇಜಿಗೆ ಹೋಗು ಎಂದರು. 1967ರಲ್ಲಿ ಅವರು ಅಲ್ಲಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಹೊರಬಂದರು, ಆಮೇಲೆ ಸ್ನಾತಕೋತ್ತರ ಪದವಿಗೆ ಕಾನ್ಪುರದ ಐ.ಐ.ಟಿ.ಗೆ ಹೋದರು. ಈ ಕಥೆಯನ್ನು ಹೇಳುವವರು ಬಡತನದ ಹತ್ತಿರ ನಿಂತುಬಿಡುತ್ತಾರೆ. ನನಗೆ ಕಾಣುವುದು ಕಾಲೇಜು. ತಂದೆ ಐ.ಐ.ಟಿ. ಬೇಡ ಎಂದಾಗ ಮನೆಯಿಂದ ಹೋಗಿಬರುವಷ್ಟು ದೂರದಲ್ಲಿ ಇನ್ನೊಂದು ಬಾಗಿಲಿತ್ತು. ಹುಡುಗ ಹುಟ್ಟಿದ ವರ್ಷವೇ ಯಾರೋ ಅದನ್ನು ಕಟ್ಟತೊಡಗಿದ್ದರು.

ನಾನು ಓದುವಾಗ, ಎಂಬತ್ತರ ದಶಕದ ಕೊನೆಯಲ್ಲಿ, ಹಾಸ್ಟೆಲಿನಲ್ಲಿ ಯಾರ ಬಾಯಲ್ಲೂ ಅವರ ಹೆಸರಿರಲಿಲ್ಲ. ನಮ್ಮ ಕನಸೆಲ್ಲ ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ. ಕ್ವಾರ್ಟರ್ಸು, ಕ್ಯಾಂಟೀನು, ಶಿಫ್ಟಿನ ಬಸ್ಸು ಇರುವ ಸರ್ಕಾರಿ ಕಾರ್ಖಾನೆಗಳು. ಖಾಸಗಿ ಕಂಪನಿ ಸೇರಿದವನನ್ನು "ಪಾಪ, ಇನ್ನೂ ಏನೂ ಆಗಿಲ್ಲ" ಎಂದೇ ಮನೆಯವರು ಹೇಳುತ್ತಿದ್ದರು. 1991ರಲ್ಲಿ ನಾವು ಪಾಸಾದೆವು. ಅದೇ ಜುಲೈಯಲ್ಲಿ ದೇಶದ ಆರ್ಥಿಕ ನೀತಿ ತಿರುಗಿತು. ತಿರುಗಿದ್ದು ನಮಗೆ ಅರ್ಥವಾಗಲು ಇನ್ನೆರಡು ಮೂರು ವರ್ಷ ಬೇಕಾಯಿತು.

ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಜಯನಗರದ ಒಂದು ಮನೆಯ ಮೇಲಂತಸ್ತೇ ಆಫೀಸು. ಮಧ್ಯಾಹ್ನ ಒಟ್ಟಿಗೆ ಕೂತು ಡಬ್ಬಿ ಬಿಚ್ಚುವಾಗ ನಾರಾಯಣಮೂರ್ತಿಯವರ ಹೆಸರು ಮೊದಲ ಸಲ ಕಿವಿಗೆ ಬಿದ್ದದ್ದು. ಸಾಫ್ಟ್ರಾನಿಕ್ಸ್ ಎಂಬ ಅವರ ಮೊದಲ ಕಂಪನಿ ಹೆಚ್ಚು ದಿನ ನಡೆಯದೆ ಮುಚ್ಚಿತ್ತಂತೆ. ಪುಣೆಯ ಪಟ್ನಿ ಕಂಪನಿಯಲ್ಲಿದ್ದ ಆರು ಮಂದಿ ಸಹೋದ್ಯೋಗಿಗಳನ್ನು ಕಟ್ಟಿಕೊಂಡು 1981ರ ಜುಲೈಯಲ್ಲಿ ಇನ್‌ಫೋಸಿಸ್ ಶುರು ಮಾಡಿದರಂತೆ. ಒಂದು ಕಂಪ್ಯೂಟರ್ ತರಿಸಬೇಕಾದರೆ ದೆಹಲಿಗೆ ಅಲೆಯಬೇಕು, ಒಂದು ಟೆಲಿಫೋನಿಗೆ ವರ್ಷಗಟ್ಟಲೆ ಕಾಯಬೇಕು. 1983ರಲ್ಲಿ ಬೆಂಗಳೂರಿನ ಮೈಕೋ ಕಂಪನಿಯ ಕೆಲಸ ಸಿಕ್ಕಿದ ಮೇಲೆ ಇಲ್ಲಿಗೆ ಬಂದರು. 1990ರಲ್ಲಿ ಯಾರೋ ಹತ್ತು ಲಕ್ಷ ಡಾಲರಿಗೆ ಕಂಪನಿಯನ್ನು ಕೇಳಿದಾಗ ಜೊತೆಯವರಿಗೆ ಮಾರಿಬಿಡೋಣ ಅನ್ನಿಸಿತು. "ಹಾಗಾದರೆ ನಿಮ್ಮ ಪಾಲನ್ನೂ ನಾನೇ ಕೊಳ್ಳುತ್ತೇನೆ" ಎಂದು ಇವರು ಹಟ ಹಿಡಿದ ಮೇಲೆ ಎಲ್ಲರೂ ಉಳಿದುಕೊಂಡರು. ಡಬ್ಬಿ ಮುಚ್ಚುವ ಹೊತ್ತಿಗೆ ನಮ್ಮಲ್ಲಿ ಪ್ರತಿಯೊಬ್ಬನೂ ಮನಸ್ಸಿನಲ್ಲೇ ಒಂದೊಂದು ಕಂಪನಿ ಶುರು ಮಾಡಿಬಿಡುತ್ತಿದ್ದ.

1993ರಲ್ಲಿ ಇನ್‌ಫೋಸಿಸ್ ಷೇರು ತಲಾ 95 ರೂಪಾಯಿಗೆ ಮಾರುಕಟ್ಟೆಗೆ ಬಂದಾಗ ಕೊಳ್ಳಲು ಜನ ಮುಗಿಬೀಳಲಿಲ್ಲ. ನಾವೂ ಕೊಳ್ಳಲಿಲ್ಲ, ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ, ಷೇರು ಎಂದರೆ ಜೂಜು ಎಂಬ ಭಯವೂ ಇತ್ತು. 1999ರ ಮಾರ್ಚ್‌ನಲ್ಲಿ ಅದು ಅಮೆರಿಕದ ನಾಸ್ಡಾಕ್ ಪೇಟೆಗೆ ಏರಿತು. ಭಾರತದಲ್ಲಿ ನೋಂದಾಯಿತವಾದ ಕಂಪನಿಯೊಂದು ಅಲ್ಲಿಗೆ ಹೋದದ್ದು ಅದೇ ಮೊದಲು. ಆಮೇಲೆ ನೋಡಬೇಕಿತ್ತು. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳೆಲ್ಲ "ನಮ್ಮ ಮೂರ್ತಿ" ಎನ್ನತೊಡಗಿದರು. ಕಂಪನಿಯ ಡ್ರೈವರುಗಳಿಗೂ ಷೇರು ಸಿಕ್ಕಿದ ಸುದ್ದಿ ಹರಡಿತು. ಮೇಷ್ಟ್ರ ಮಗನೊಬ್ಬ ಲಂಚ ಕೊಡದೆ, ಅಪ್ಪನ ಆಸ್ತಿ ಇಲ್ಲದೆ, ತೆರಿಗೆ ಕಟ್ಟಿ ಶ್ರೀಮಂತನಾಗಬಹುದು ಎಂಬ ನಂಬಿಕೆ ಮೊದಲ ಸಲ ನಮ್ಮಂಥ ಮನೆಗಳೊಳಗೆ ಬಂತು. ಇವತ್ತಿಗೂ ನಾನು ಅವರಿಗೆ ಋಣಿಯಾಗಿರುವುದು ಈ ಒಂದು ಕಾರಣಕ್ಕೆ. ಗೂಡಿನ ಮಾರ್ಕೆಟ್ಟಿನಲ್ಲಿ ತಲೆ ಆಡಿಸುವುದನ್ನಷ್ಟೇ ಕಂಡಿದ್ದ ನನಗೆ, ರೇಟು ನಾವೂ ಹೇಳಬಹುದು ಎಂದು ತೋರಿಸಿದವರು ಅವರು.

ಆ ವರ್ಷವೇ ಅಪ್ಪ ಹಾಸಿಗೆ ಹಿಡಿದರು. ನಾನು ಊರಿಗೆ ಬಂದೆ. ತಮ್ಮನ ಓದು, ತಂಗಿಯ ಮದುವೆ, ತೋಟ. ಅಲ್ಲಿವರೆಗೂ ಬೆಂಗಳೂರಿನಲ್ಲಿ ಹಳೆಯ ಕೋಬಾಲ್ ಪ್ರೋಗ್ರಾಮುಗಳಲ್ಲಿ 2000ದ ಇಸವಿ ತಿದ್ದುತ್ತಿದ್ದವನು ಹನೂರಿನಲ್ಲಿ ಕಂಪ್ಯೂಟರ್ ಸೆಂಟರ್ ತೆರೆಯುತ್ತೇನೆ ಎಂದಾಗ, ಸಾಲ ಕೇಳಲು ಹೋದ ಬ್ಯಾಂಕಿನವರು ನಕ್ಕರು. "ಹಸು ತಗೊಳ್ಳಿ, ಕೊಡ್ತೀವಿ" ಎಂದರು. ಬೆಂಗಳೂರಿನ ಎಸ್.ಪಿ. ರೋಡಿನ ವ್ಯಾಪಾರಿ ಹಳೆಯ ಮಷೀನು ಮಾರಲು ಒಪ್ಪಿದ. ಕೆಟ್ಟರೆ ರಿಪೇರಿಗೆ ಯಾರನ್ನೂ ಕಳಿಸುವುದಿಲ್ಲ ಎಂದ. "ನಿಮ್ಮದು ವೀರಪ್ಪನ್ ಕಾಡಲ್ವಾ?" ನಾನು ಊರಿನ ಹೆಸರು ಹೇಳಿದ ಕಡೆಯೆಲ್ಲ ಕೇಳಿಬರುತ್ತಿದ್ದ ಮಾತು ಅದು.

ಜಾಗ ಕೊಟ್ಟವರು ಗೊಬ್ಬರದ ಅಂಗಡಿಯ ಯಜಮಾನರು. ಅಂಗಡಿಯ ಮೇಲೆ ಒಂದು ಕೋಣೆ. ಯೂರಿಯಾ ವಾಸನೆ ಮಹಡಿವರೆಗೂ ಬರುತ್ತಿತ್ತು. ಅಡ್ವಾನ್ಸ್ ಎಷ್ಟು ಎಂದು ಕೇಳಿದೆ. "ನಡುದ್ರ ಕೊಡಪ್ಪ, ನಡೀದಿದ್ರ ಬೀಗದ ಕೈ ಕೊಡು" ಎಂದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಉದ್ಯಮದ ಪುಸ್ತಕಗಳಲ್ಲಿ ಇಂಥವರಿಗೆ ಏಂಜೆಲ್ ಹೂಡಿಕೆದಾರ ಎಂಬ ಹೆಸರಿದೆಯೆಂದು ನಾನು ಓದಿ ತಿಳಿಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಸೆಂಟರು ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ, 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಕಾಡುಗಳ್ಳ ವೀರಪ್ಪನ್ ಕೈಯಲ್ಲಿ ನಟ ರಾಜ್‌ಕುಮಾರ್ ಅಪಹರಣವಾಯಿತು. ಅವರು ಬಿಡುಗಡೆಯಾಗಿ ಬರುವವರೆಗಿನ ಆ ನೂರೆಂಟು ದಿನ ನಮ್ಮ ರಸ್ತೆಯಲ್ಲಿ ಎಸ್.ಟಿ.ಎಫ್. ಪೊಲೀಸರ ಜೀಪುಗಳೇ ಹೆಚ್ಚು, ಬಸ್ಸುಗಳು ಕಡಿಮೆ. ಸಂಜೆಯ ಬ್ಯಾಚಿಗೆ ಹೆಣ್ಣುಮಕ್ಕಳು ಬರುವುದು ನಿಂತಿತು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಅವರ ಮನೆಯಿಂದಲೇ ವೀರಪ್ಪನ್ ಕಡೆಯವರು ಎತ್ತಿಕೊಂಡು ಹೋದರು. ಕಾಮಗೆರೆ ಎಂದರೆ ಹನೂರು–ಕೊಳ್ಳೇಗಾಲ ರಸ್ತೆಯಲ್ಲಿ ನಾವು ದಿನವೂ ದಾಟುವ ಊರು. ಡಿಸೆಂಬರ್ 8ರಂದು ಚಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ಹೊರಗಿನವರಿಗೆ ಅದು ಪತ್ರಿಕೆಯ ಸುದ್ದಿ. ನಮ್ಮ ಹಳ್ಳಿಗಳಲ್ಲಿ ಒಂದು ಕಡೆ ಕಾಡಿನವನ ಭಯ, ಇನ್ನೊಂದು ಕಡೆ ಖಾಕಿಯ ಭಯ. ರಾತ್ರಿ ಬಾಗಿಲು ತಟ್ಟಿದರೆ ಯಾರೆಂದು ಕೇಳುವುದಕ್ಕೂ ಹೆದರಿಕೆ. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಕಥೆ ಮುಗಿಯಿತು. ಬೆಂಗಳೂರಿನ ಐ.ಟಿ. ಕಂಪನಿಗಳು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳೂ ಇವೇ. ಎರಡೂ ಒಂದೇ ರಾಜ್ಯದಲ್ಲಿ, ಒಂದೇ ಕ್ಯಾಲೆಂಡರಿನಲ್ಲಿ ನಡೆದವು ಎಂದು ಈಗಿನ ಮಕ್ಕಳಿಗೆ ನಂಬಿಸುವುದು ಕಷ್ಟ.

ಮಹಡಿ ಕೋಣೆಗೆ ಫೋನ್ ಲೈನು ಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಕರೆಂಟು ಪಂಪ್‌ಸೆಟ್ಟಿನ ಸಮಯಕ್ಕೆ ಬರುತ್ತಿತ್ತು. ಅದು ಬಂದಾಗಲೇ ಬ್ಯಾಚು. ರಾತ್ರಿ ತ್ರೀ ಫೇಸ್ ಕೊಟ್ಟರೆ ರಾತ್ರಿಯೇ ಕ್ಲಾಸು, ಗಂಡುಹುಡುಗರಿಗೆ. ಬ್ಯಾಟರಿ ಸತ್ತಾಗ ಕೀಲಿಮಣೆಯ ಚಿತ್ರವನ್ನು ರಟ್ಟಿನ ಮೇಲೆ ಬರೆದು ಬೆರಳಾಡಿಸಲು ಕಲಿಸಿದ್ದೂ ಉಂಟು. ಮಷೀನು ಕೆಟ್ಟರೆ ಬಿಚ್ಚಿ ಕೂರುತ್ತಿದ್ದವನು ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನ ಒಬ್ಬ ಹುಡುಗ. ಎಪ್ಪತ್ತರ ದಶಕದಲ್ಲಿ ಅವನ ಹಿರಿಯರು ಇಲ್ಲಿ ಕಾಡು ಕಡಿದು ಜೋಳ ಬಿತ್ತಿ ನೆಲೆ ನಿಂತವರು. ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ಊರುಗಳಿಗೆ ಹೋಗುತ್ತಿದ್ದ ಅವನು ಬರುವಾಗ ಯಾವುದೋ ಸಂತೆಯಿಂದ ಹಳೆಯ ಬೋರ್ಡು, ಕೇಬಲು ತರುತ್ತಿದ್ದ. ಮಾರ್ಟಳ್ಳಿ ಕಡೆಯಿಂದ ತಮಿಳು ಮನೆಮಾತಿನ ಹುಡುಗರು ಬರುತ್ತಿದ್ದರು. ಲೊಕ್ಕನಹಳ್ಳಿ ಕಡೆಯಿಂದ ಸೋಲಿಗರ ಹುಡುಗನೊಬ್ಬ ಬರುತ್ತಿದ್ದ, ಕಾಡು ಹಾದಿಯಲ್ಲಿ ಆನೆ ಇದ್ದರೆ ಬರುತ್ತಿರಲಿಲ್ಲ. ಮಾರನೆಯ ದಿನ, "ನೆನ್ನ ದಾರಿ ಬುಡ್ಲಿಲ್ಲ ಸಾ" ಎನ್ನುತ್ತಿದ್ದ. ಯಾರು ಬಿಡಲಿಲ್ಲ ಎಂದು ನಾವು ಕೇಳುತ್ತಿರಲಿಲ್ಲ.

ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು ಮೆಟ್ಟಿಲ ಮೇಲೇ ನಿಂತು ಕೇಳಿದಳು: "ಕಂಪೂಟ್ರು ಕಲ್ತರ ನನ್ ಮಗಳ್ಗ ತಿಂಗ್ಳ ಸಂಬಳ ಬತ್ತದಾ ಸಾ?" ಬರುತ್ತದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ, ನೋಡೋಣಮ್ಮ ಎಂದೆ. ಆ ಹುಡುಗಿ ಟ್ಯಾಲಿ ಕಲಿತು ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದಳು. ಅವಳ ಜೊತೆಯವರು ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಗೆ ಹೋಗುತ್ತಿದ್ದ ಕಾಲದಲ್ಲಿ ಅವಳು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರುತ್ತಿದ್ದಳು. ಇನ್‌ಫೋಸಿಸ್ಸಿನ ಕಥೆಯ ಪಕ್ಕದಲ್ಲಿ ಇದು ಕಣ್ಣಿಗೆ ಬೀಳುವಂಥದ್ದಲ್ಲ. ಆದರೆ ಆ ಮನೆಯ ಕಿರಿಯ ಇಬ್ಬರು ಹೆಣ್ಣುಮಕ್ಕಳು ಓದು ಬಿಡದೇ ಹೋದದ್ದು ಆ ಸಂಬಳದಿಂದ.

ಸೆಂಟರಿನ ಹೊಟ್ಟೆ ತುಂಬಿಸಿದ್ದು ಮಾತ್ರ ಪಾಠವಲ್ಲ, ಕಾಗದ. 2001ರ ಹೊತ್ತಿಗೆ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ "ಭೂಮಿ" ಯೋಜನೆ ಎಲ್ಲ ತಾಲ್ಲೂಕಿಗೂ ಬಂತು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಕೊಳ್ಳೇಗಾಲದ ತಾಲ್ಲೂಕು ಕಚೇರಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ. ಅದನ್ನು ಹಿಡಿದು ರೈತರು ನನ್ನ ಕೋಣೆಗೆ ಹತ್ತಿ ಬರುವರು: ಇದರಲ್ಲಿ ಏನು ಬರೆದಿದೆ, ನನ್ನ ಅಪ್ಪನ ಹೆಸರು ತಪ್ಪಾಗಿದೆ, ಅರ್ಜಿ ಬರೆದುಕೊಡು. ಆ ಅರ್ಜಿಗಳನ್ನು ಕನ್ನಡದಲ್ಲಿ ಟೈಪು ಮಾಡಲು ಆಗಿದ್ದು ಶೇಷಾದ್ರಿವಾಸು ಅವರು 1998ರಲ್ಲಿ ಬಿಡುಗಡೆ ಮಾಡಿದ "ಬರಹ"ದಿಂದ, ಕನ್ನಡ ಗಣಕ ಪರಿಷತ್ತಿನ "ನುಡಿ"ಯಿಂದ. ಅದರ ಹಿಂದೆ ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವಿತ್ತು. ಇವು ನಮ್ಮ ಕೈಗೆ ಕಾಸಿಲ್ಲದೆ ಬಂದವು. ಷೇರುಪೇಟೆಯಲ್ಲಿ ಇವರ್ಯಾರ ಹೆಸರೂ ಇಲ್ಲ. ಆದರೆ ಕರ್ನಾಟಕದ ತಂತ್ರಜ್ಞಾನ ಹನೂರಿನವರೆಗೆ ನಡೆದು ಬಂದು ನಮ್ಮ ರೈತನ ಅರ್ಜಿಯಲ್ಲಿ ಕೂತದ್ದು ಇವರ ದೆಸೆಯಿಂದ. ಬೆಂಗಳೂರಿನ ಸಾಫ್ಟ್‌ವೇರ್ ಎಲ್ಲ ಹಡಗಿನಂತೆ ಹೊರದೇಶಕ್ಕೆ ಮುಖ ಮಾಡಿ ನಿಂತಿದ್ದಾಗ ಇವರು ಹಿಂದಿರುಗಿ ನೋಡಿದರು.

ಹಾಗೆಂದು ಮೂರ್ತಿಯವರು ಹಿಂದಿರುಗಿ ನೋಡಲಿಲ್ಲ ಎಂದರೆ ಅದು ಅನ್ಯಾಯ. ಅವರು ಓದಿದ ಮೈಸೂರಿನಲ್ಲೇ, ಹೆಬ್ಬಾಳದಲ್ಲಿ, ಮುನ್ನೂರು ಎಕರೆಗೂ ಮೀರಿದ ಜಾಗದಲ್ಲಿ ಇನ್‌ಫೋಸಿಸ್ ತರಬೇತಿ ಕೇಂದ್ರ ಎದ್ದಿತು. ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಊಟ, ವಸತಿ, ಪಾಠ. ಯಾವುದೋ ಊರಿನ ಸಿವಿಲ್, ಮೆಕ್ಯಾನಿಕಲ್ ಹುಡುಗನನ್ನು ಕರೆತಂದು ತಿಂಗಳುಗಟ್ಟಲೆ ಸಂಬಳ ಕೊಟ್ಟು ಪ್ರೋಗ್ರಾಮರ್ ಮಾಡುವುದು ಸಣ್ಣ ಕೆಲಸವಲ್ಲ. ನಮ್ಮ ವಿಶ್ವವಿದ್ಯಾಲಯಗಳು ಬಿಟ್ಟ ಪಾಠವನ್ನು ಒಂದು ಕಂಪನಿ ಮುಗಿಸಿಕೊಟ್ಟಿತು. ಇನ್‌ಫೋಸಿಸ್ ಪ್ರತಿಷ್ಠಾನ 1996ರಿಂದ ಶಾಲೆಗಳಿಗೆ ಪುಸ್ತಕ, ಆಸ್ಪತ್ರೆಗಳಿಗೆ ಕಟ್ಟಡ ಕೊಡುತ್ತ ಬಂದಿದೆ. ಆದರೆ ಬೆಂಗಳೂರಿನ ಹೊಸ ವಿಮಾನ ನಿಲ್ದಾಣದ ಕಂಪನಿಗೆ ಅಧ್ಯಕ್ಷರಾಗಿದ್ದ ಮೂರ್ತಿಯವರು 2005ರಲ್ಲಿ ರಾಜಕೀಯ ಟೀಕೆ ಬಂದಾಗ ರಾಜೀನಾಮೆ ಕೊಟ್ಟು ಹೊರನಡೆದರು. ಲೆಕ್ಕಪತ್ರದಲ್ಲಿ ಗೆದ್ದ ಶಿಸ್ತು ಊರಿನ ಕೆಲಸದಲ್ಲಿ ಅಷ್ಟು ಸುಲಭವಾಗಿ ನಡೆಯುವುದಿಲ್ಲ ಎಂದು ಆಗ ನನಗನ್ನಿಸಿತ್ತು.

ಅವರ ಷಡ್ಡಕ ಗುರುರಾಜ ದೇಶಪಾಂಡೆಯವರದು ಇನ್ನೊಂದು ಬಗೆ. ಸಂಕೇಶ್ವರ, ಹುಬ್ಬಳ್ಳಿಯ ಕಡೆಯವರು. 1973ರಲ್ಲಿ ಮದ್ರಾಸಿನ ಐ.ಐ.ಟಿ. ಮುಗಿಸಿ ಕೆನಡಾ, ಅಮೆರಿಕ ಸೇರಿದರು. 1990ರಲ್ಲಿ ಕ್ಯಾಸ್ಕೇಡ್, 1998ರಲ್ಲಿ ಸಿಕಮೋರ್ ಎಂಬ ಕಂಪನಿ ಕಟ್ಟಿ, ಇಂಟರ್ನೆಟ್ಟಿನ ಬೆನ್ನೆಲುಬಿಗೆ ಬೇಕಾದ ಯಂತ್ರ ಮಾಡಿ ಅಪಾರ ಹಣ ಗಳಿಸಿದರು. 2002ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹೊಸ ಶೋಧಗಳಿಗಾಗಿ ಕೇಂದ್ರ ಕಟ್ಟಿಸಿದರು. ಹುಬ್ಬಳ್ಳಿಗೆ ಬಂದು, ಊರವರೇ ತಮ್ಮ ತೊಡಕಿಗೆ ತಾವೇ ಪರಿಹಾರ ಕಟ್ಟಲಿ ಎಂದು ಯುವಕರಿಗೆ ತರಬೇತಿ, ಸಣ್ಣ ಉದ್ಯಮಕ್ಕೆ ಬೆಂಬಲ ಶುರು ಮಾಡಿದರು. ಹಣವಂತನೊಬ್ಬ ಬಂದು ಉತ್ತರ ಹೇಳುವುದಕ್ಕಿಂತ, ಊರೊಳಗಿನವನೇ ಹತ್ತು ಸಲ ಮಾಡಿ ನೋಡುವುದು ಮೇಲು ಎಂಬ ಅವರ ನಂಬಿಕೆ ನನಗೆ ಒಪ್ಪಿಗೆ.

ಆದರೆ ಒಂದು ಮಾತನ್ನು ನೇರವಾಗಿ ಹೇಳಬೇಕು. ಹಣವಂತರ ಔದಾರ್ಯಕ್ಕೂ ಒಂದು ತವರಿರುತ್ತದೆ. ಮೈಸೂರಿಗೆ ಮೂರ್ತಿ ಸಿಕ್ಕರು, ಹುಬ್ಬಳ್ಳಿಗೆ ದೇಶಪಾಂಡೆ ಸಿಕ್ಕರು. ಕೋಟಿಗಟ್ಟಲೆ ಗಳಿಸಿದ ಮಗನನ್ನು ಹೆರದ ಹನೂರಿನಂಥ ಊರು ಯಾರ ದಾರಿ ಕಾಯಬೇಕು? ಮೈಸೂರಿನ ಆ ಕ್ಯಾಂಪಸ್ಸಿಗೂ ನಮಗೂ ನೂರು ಕಿಲೋಮೀಟರಿನೊಳಗಿನ ದಾರಿ. ಆದರೆ ಅದರ ಗೇಟು ತೆರೆಯುವುದು ಹೆಚ್ಚಾಗಿ ಎಂಜಿನಿಯರಿಂಗ್ ಮುಗಿಸಿದವರಿಗೆ. ನಮ್ಮ ಹುಡುಗ ಅಲ್ಲಿಗೆ ಮುಟ್ಟಬೇಕಾದರೆ ಮೊದಲು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕು. ಅದಕ್ಕೆ ಮೊದಲು ಹತ್ತನೆಯಲ್ಲಿ ಲೆಕ್ಕ ಗೊತ್ತಿರಬೇಕು. ಅದಕ್ಕೂ ಮೊದಲು ವರ್ಗಾವಣೆಗೆ ಅರ್ಜಿ ಹಾಕದ ಒಬ್ಬ ಮೇಷ್ಟ್ರು ಇರಬೇಕು.

1981 ಎಂದರೆ ನಮಗೆಲ್ಲ ಇನ್‌ಫೋಸಿಸ್ ನೆನಪಾಗುತ್ತದೆ. ಅದೇ ವರ್ಷ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಸೋಲಿಗರಿಗೆ ಚಿಕಿತ್ಸೆ ಕೊಡಲು ಬಂದವರು, ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಕಸುಬಿನ ತರಬೇತಿ ಎಂದು ಕೆಲಸ ಬೆಳೆಸಿದರು. 1994ರಲ್ಲಿ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಾನು ಎಂಜಿನಿಯರಿಂಗ್ ಓದುವಾಗ ಒಮ್ಮೆ ಗೆಳೆಯರೊಂದಿಗೆ ಬೆಟ್ಟಕ್ಕೆ ಹೋಗಿ, ದೇವರ ದರ್ಶನ ಮಾಡಿ, ಆ ಶಾಲೆಯ ಪಕ್ಕದಲ್ಲೇ ನಡೆದು ಬಂದಿದ್ದೆ. ಒಳಗೆ ಹೋಗಿ ನೋಡಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಮ್ಮ ಕಣ್ಣಿಗೆ ಆಗ ಅದು ಸೇವೆ. ಉದ್ಯಮ ಎಂದರೆ ಬೇರೆ ಏನೋ. ಈಗ ಹಿಂದಿರುಗಿ ನೋಡಿದರೆ ಏನೂ ಇಲ್ಲದ ಕಡೆ ಒಂದು ಸಂಸ್ಥೆ ಹುಟ್ಟಿಸಿ, ತನ್ನ ಹೆಸರು ಬಿಟ್ಟೂ ನಡೆಯುವಂತೆ ಮಾಡುವುದೇ ಉದ್ಯಮವಾದರೆ, 1981ರಲ್ಲಿ ಕರ್ನಾಟಕದವರು ಹುಟ್ಟುಹಾಕಿದ ದೊಡ್ಡ ಉದ್ಯಮಗಳು ಎರಡು.

2023ರಲ್ಲಿ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು ದೊಡ್ಡ ಚರ್ಚೆಯಾಯಿತು. ನಗರದವರು ಆರೋಗ್ಯದ ಮಾತಾಡಿದರು, ಸಂಸಾರದ ಮಾತಾಡಿದರು. ನನಗೆ ನೆನಪಾದದ್ದು ಹುಳುವಿನ ಮನೆಯಲ್ಲಿ ಸೊಪ್ಪು ಹರಡುತ್ತಿದ್ದ ಅವ್ವ. ಎಪ್ಪತ್ತು ಗಂಟೆ ಆಕೆಗೆ ರಜದ ವಾರ. ನಮ್ಮ ಕಡೆ ಕ್ವಾರಿಯಲ್ಲಿ ಕಲ್ಲು ಒಡೆಯುವವನೂ, ಕಬ್ಬು ಕಡಿಯಲು ಗುಳೆ ಹೋಗುವವನೂ ಗಂಟೆ ಎಣಿಸಿದವರಲ್ಲ. ದುಡಿಮೆಯಿಂದಲೇ ಸಿರಿ ಬರುವುದಿದ್ದರೆ ಹನೂರು ಸೀಮೆ ಯಾವತ್ತೋ ಸಿಂಗಪುರವಾಗಿರಬೇಕಿತ್ತು. ಮೂರ್ತಿಯವರು ಎಪ್ಪತ್ತಲ್ಲ, ಇನ್ನೂ ಹೆಚ್ಚು ಗಂಟೆ ದುಡಿದರು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ದುಡಿಮೆಗೆ ಬೆಲೆ ಬಂದದ್ದು ಸುತ್ತ ಇನ್ನಷ್ಟು ಇದ್ದದ್ದರಿಂದ. ಮನೆಯಿಂದ ಹೋಗಿಬರುವಷ್ಟು ಹತ್ತಿರದಲ್ಲಿ ಕಾಲೇಜಿತ್ತು. ಸಂಬಳ ತರುವ, ನಂಬುವ ಹೆಂಡತಿ ಇದ್ದರು. ಜೊತೆಗೆ ಕಷ್ಟಪಡಲು ಆರು ಮಂದಿ ಇದ್ದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಕೊಡಬಲ್ಲ ಕಾರ್ಖಾನೆ ಇತ್ತು. ಹತ್ತು ವರ್ಷ ತಾಳಿಕೊಂಡಾಗ ದೇಶದ ನೀತಿ ಬದಲಾಯಿತು. ಈ ಪಟ್ಟಿಯಲ್ಲಿ ಒಂದನ್ನು ತೆಗೆದರೂ ಹತ್ತು ಸಾವಿರ ರೂಪಾಯಿ ಹತ್ತು ಸಾವಿರವಾಗಿಯೇ ಉಳಿಯುತ್ತಿತ್ತು. ಇದರಿಂದ ಅವರ ಸಾಧನೆ ಕಿರಿದಾಗುವುದಿಲ್ಲ. ಸಾಧನೆಯ ಕಥೆ ಹೇಳುವಾಗ ನಾವು ಮಕ್ಕಳ ಮುಂದೆ ಗಟ್ಟಿತನವನ್ನಷ್ಟೇ ಇಟ್ಟು ಉಳಿದದ್ದನ್ನು ಬಚ್ಚಿಡುತ್ತೇವೆ. ಸೋತ ಹುಡುಗ ತನ್ನಲ್ಲೇ ಕೊರತೆ ಇದೆ ಎಂದುಕೊಳ್ಳುತ್ತಾನೆ.

ಈಗ ಹನೂರೇ ತಾಲ್ಲೂಕು ಕೇಂದ್ರ. ಪಹಣಿಗೆ ಕೊಳ್ಳೇಗಾಲಕ್ಕೆ ಹೋಗಬೇಕಿಲ್ಲ. ಹಳ್ಳಿಯ ಗ್ರಾಮ ಒನ್ ಕೇಂದ್ರದಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಅಂಥ ಕೇಂದ್ರಗಳಲ್ಲಿ ಕೂತಿರುವ ಕೆಲವರು ರಟ್ಟಿನ ಕೀಲಿಮಣೆಯ ಮೇಲೆ ಬೆರಳಾಡಿಸಿದವರೇ. ಕಾಡಿನ ಹಾದಿಯಿಂದ ಬರುತ್ತಿದ್ದ ಹುಡುಗ ತನ್ನ ಸೋಲಿಗ ಪೋಡಿನವರ ಅರಣ್ಯ ಹಕ್ಕಿನ ಅರ್ಜಿಗಳನ್ನೆಲ್ಲ ತಾನೇ ತುಂಬಿದ. ಟಿಬೆಟನ್ ಹುಡುಗ ಹೊರದೇಶ ಸೇರಿದ. ಇಂಟರ್ನೆಟ್ಟು ಪ್ರತಿಯೊಬ್ಬರ ಜೇಬಿನಲ್ಲಿದೆ. ಕಂಪ್ಯೂಟರ್ ಕಲಿಯಲು ಮಹಡಿ ಹತ್ತುವವರು ಕಡಿಮೆ. ಒಳ್ಳೆಯದೇ. ಆದರೆ ಹೆಚ್ಚು ಕಲಿತವರು ಹೆಚ್ಚು ದೂರ ಹೋದರು. ಅಮಾವಾಸ್ಯೆಗೆ ಕಾರಿನಲ್ಲಿ ಬಂದು, ಮಾದಪ್ಪನಿಗೆ ಕೈಮುಗಿದು, "ಊರು ಏನೂ ಬದಲಾಗಿಲ್ಲ ಅಣ್ಣಾ" ಎಂದು ಮರುಕಪಟ್ಟು ಹೋಗುತ್ತಾರೆ. ಅವರನ್ನು ದೂರುವುದಿಲ್ಲ. ಇಲ್ಲಿ ಉಳಿ ಎನ್ನಲು ನಮ್ಮ ಹತ್ತಿರ ಕಾರಣಗಳಿರಲಿಲ್ಲ.

ಎರಡು ಮೂರು ವರ್ಷದಿಂದ ಹಳೆಯ ಶಿಷ್ಯರು ಕೆಲವರು ಸೇರಿ ಒಂದು ಕೆಲಸ ಹಿಡಿದಿದ್ದೇವೆ. ಸಂಘ ಅಲ್ಲ, ಹೆಸರಿಲ್ಲ, ಫ್ಲೆಕ್ಸ್ ಇಲ್ಲ. ಹತ್ತನೆಯ ನಂತರ ವಿಜ್ಞಾನ ತೆಗೆದುಕೊಳ್ಳುವ, ಮನೆಯಲ್ಲಿ ಮುಂದೆ ಓದಿಸುವ ಶಕ್ತಿ ಇಲ್ಲದ ಮಕ್ಕಳಿಗೆ ಕೊಳ್ಳೇಗಾಲದಲ್ಲೋ ಮೈಸೂರಿನಲ್ಲೋ ಹಾಸ್ಟೆಲಿನ ಮುಂಗಡ ಕಟ್ಟುವುದು, ಬಸ್ ಪಾಸಿಗೆ ಅರ್ಜಿ ಹಾಕಿಸುವುದು, ಪರೀಕ್ಷೆಯ ಹಿಂದಿನ ರಾತ್ರಿ ಹೆದರಿ ಫೋನ್ ಮಾಡಿದರೆ ಎತ್ತುವುದು. ರೇಷ್ಮೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವಳೇ ಇದರ ಲೆಕ್ಕವನ್ನೂ ಇಟ್ಟಿದ್ದಾಳೆ. ಒಂದು ರೂಪಾಯಿ ಆಚೀಚೆ ಆಗಲು ಬಿಡುವುದಿಲ್ಲ. ಸಮುದಾಯದ ನಾಯಕತ್ವ ಎಂದು ಭಾಷಣಗಳಲ್ಲಿ ಕೇಳುವುದು, ನನ್ನ ಮಟ್ಟಿಗೆ, ಮುಂದೆ ಬರುವವನ ಸುತ್ತ ನಾಲ್ಕು ಜನ ಇರುವಂತೆ ನೋಡಿಕೊಳ್ಳುವುದು ಅಷ್ಟೇ. ಅದಕ್ಕೆ ಕೋಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಾಯಬೇಕಾಗಿಲ್ಲ.

ಈ ಸಲದ ಫಲಿತಾಂಶ ಬಂದಾಗಿದೆ. ಪಟ್ಟಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಒಬ್ಬಳ ಮನೆಯವರು ಮೈಸೂರು ದೂರ ಎಂದು ಬೇಡ ಎನ್ನುತ್ತಿದ್ದಾರೆ. ಭಾನುವಾರ ಲೆಕ್ಕದವಳೂ ನಾನೂ ಹೋಗಿ ಅವಳಪ್ಪನ ಹತ್ತಿರ ಮಾತಾಡಬೇಕು.